ಹಾಲುಮಕ್ಕಿಯ ಮಣ್ಣು

ಸಂಪಿಗೆಕೊಪ್ಪ, ಕಳಸ
೧೪ ಜೂನ್ ೨೦೨೪

ಅವ್ವ,

ನೀನು ಕಳಿಸಿದ ಅಕ್ಕಿತರಿ, ಮಿಡಿ ಉಪ್ಪಿನಕಾಯಿ ಎರಡೂ ತಲುಪಿದವು. ಬಾಲರಾಜ್ ಬಸ್ಸಿನಿಂದ ಇಳಿದು ತಾನೇ ದನದ ಆಸ್ಪತ್ರೆಯ ಜಗಲಿಯವರೆಗೆ ತಂದುಕೊಟ್ಟ. ಕಂಡಕ್ಟರ್ ಕೆಲಸದ ಜೊತೆಗೆ ನಮ್ಮಿಬ್ಬರ ಟಪಾಲಿನ ಕೆಲಸವೂ ಅವನ ತಲೆಗೆ ಬಿದ್ದಿದೆ. ಏನು ಮಾಡುವುದು, ಇಲ್ಲಿ ಮಳೆ ಹಿಡಿದರೆ ಟವರ್ ಇಲ್ಲ, ಟವರ್ ಇದ್ದ ದಿನವೂ ನಿನ್ನ ಕಿವಿಗೆ ಫೋನು ಕೇಳದು. ನಮಗೆ ಕಾಗದವೇ ಸರಿ.

ಈ ಸಲ ಸಂತೋಷದ ಸುದ್ದಿ ಬರೆಯಬೇಕೆಂದು ಕೂತಿದ್ದೆ. ಆಗುತ್ತಿಲ್ಲ.

ಇಲ್ಲಿಂದ ಒಂದು ಗುಡ್ಡ ಹತ್ತಿ ಇಳಿದರೆ ಹಾಲುಮಕ್ಕಿ ಅಂತ ಊರು. ಹತ್ತಿಪ್ಪತ್ತು ಮನೆ. ಎಲ್ಲರೂ ಎಸ್ಟೇಟ್ ಕೆಲಸಕ್ಕೆ ಹೋಗುವವರು, ಮನೆಮನೆಯಲ್ಲೂ ದನ ಉಂಟು. ಕಳೆದ ವಾರ ನಾನೂ ಭವ್ಯಾಳೂ ಹೋಗಿ ಅಲ್ಲಿನ ದನಗಳಿಗೆ ಮಳೆಗಾಲದ ಲಸಿಕೆ ಹಾಕಿ, ಹಾಕಿದ್ದರ ಗುರುತಿಗೆ ಕಿವಿಗೆ ಓಲೆ ಚುಚ್ಚಿ ಬಂದೆವು. ಭವ್ಯಾ ನಮ್ಮ ಆಸ್ಪತ್ರೆಯ ಸಹಾಯಕಿ, ಹೋದ ಸಲ ನಿನಗೆ ಜೇನು ಕಳಿಸಿದವಳು. ಒಂದೇ ಒಂದು ಮನೆಯವರು ಬೇಡ ಅಂದರು. ತಿಮ್ಮಪ್ಪ ಅಂತ, ಊರಿನಲ್ಲಿ ಅವರ ಮಾತು ನಡೆಯುತ್ತದೆ. ಚೆನ್ನಾಗಿರುವ ದನಕ್ಕೆ ಸೂಜಿ ಯಾಕೆ ಅಂದರು. ನಾನೂ ಒತ್ತಾಯ ಮಾಡಲಿಲ್ಲ.

ಎರಡು ದಿನಕ್ಕೆ ಗಿಡ್ಡಪ್ಪನವರ ಮನೆಯಿಂದ ಕರೆ ಬಂತು. ಅವರು ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದು ಈಗ ಬಿಟ್ಟಿದ್ದಾರೆ. ಅವರ ಹೋರಿಕರು, ಊರಿಗೇ ಚೆಂದದ್ದು, ಹಿಂಗಾಲು ಎತ್ತಿ ನಿಂತಿತ್ತು. ತೊಡೆಯ ಮೇಲಿನ ಚಪ್ಪೆ ಊದಿತ್ತು. ಕೈಯಿಟ್ಟು ಒತ್ತಿದೆ. ಒಣಗಿದ ತರಗೆಲೆಯ ಮೇಲೆ ಕಾಲಿಟ್ಟ ಹಾಗೆ ಚರ್ಮದ ಒಳಗೆ ಚರಚರ ಅಂದಿತು. ಪುಸ್ತಕದಲ್ಲಿ ಓದಿದ್ದೆ, ಕೈಗೆ ಸಿಕ್ಕಿದ್ದು ಅದೇ ಮೊದಲು. ಚಪ್ಪೆರೋಗ. ಮಾಂಸದ ಒಳಗೆ ಕ್ರಿಮಿ ಗಾಳಿ ತುಂಬುತ್ತದೆ. ನಾನು ಔಷಧಿ ಏರಿಸುತ್ತಿದ್ದಂತೆಯೇ ಕರು ಮಲಗಿತು, ಮಧ್ಯಾಹ್ನಕ್ಕೆ ಹೋಯಿತು. ಮರುದಿನ ಇನ್ನೊಂದು ಮನೆಯಲ್ಲಿ ಎರಡು.

ಗಿಡ್ಡಪ್ಪನವರು ಜಗಳ ಮಾಡಲಿಲ್ಲ. "ನೀವು ಚುಚ್ಚಿ ಎರಡು ದಿನ ಆಗಿಲ್ಲ, ಮೇಡಂ," ಅಂದರು, ಅಷ್ಟೆ. ಲಸಿಕೆ ಮೈಗೆ ಹತ್ತಿ ಕಾಯಲು ಎರಡು ವಾರ ಬೇಕು, ಅದಕ್ಕೂ ಮುಂಚೆಯೇ ಕ್ರಿಮಿ ಹೊಕ್ಕಿತ್ತು ಎಂದು ನಾನು ಹೇಳಿದೆ. ಸತ್ತ ಕರುವಿನ ಪಕ್ಕ ನಿಂತು ಹೇಳಿದ ಮಾತು ನನಗೇ ನೆವದ ಹಾಗೆ ಕೇಳಿಸಿತು. ತಿಮ್ಮಪ್ಪನವರು ಬೇಲಿಯಾಚೆ ನಿಂತಿದ್ದರು. ಅವರ ದನಗಳು ಹಿಂದೆ ಮೇಯುತ್ತಿದ್ದವು, ಓಲೆಯಿಲ್ಲದ ಕಿವಿ ಅಲ್ಲಾಡಿಸುತ್ತ. ಅವರು ಏನೂ ಹೇಳುವ ಅಗತ್ಯವೇ ಇರಲಿಲ್ಲ.

ಬೇಸಿಗೆಯಲ್ಲಿ ಅಲ್ಲಿನ ಕೆರೆಯ ಹೂಳು ತೆಗೆಯಲು ಜೆಸಿಬಿ ತಂದು ಅಗೆದಿದ್ದಾರೆ. ತೆಗೆದ ಮಣ್ಣನ್ನು ಮೇವಿನ ಬಯಲಿಗೇ ಹರಡಿದ್ದಾರೆ. ಅದರ ಮೇಲೀಗ ಹುಲ್ಲು ಚಿಗುರಿದೆ. ಈ ಕ್ರಿಮಿ ಮಣ್ಣಿನೊಳಗೆ ಎಷ್ಟೋ ವರ್ಷ ಸಾಯದೆ ಮಲಗಿರುತ್ತದೆ ಅವ್ವ. ಬಿಸಿಲಿಗೂ ಸಾಯದು, ನೀರಿಗೂ ಸಾಯದು. ಅಪ್ಪನನ್ನು ತೆಗೆದುಕೊಂಡು ಹೋದದ್ದೂ ಇದೇ ಕುಲದ್ದು. ಅದಕ್ಕೇ ಇರಬೇಕು, ಆ ಬಯಲು ದಾಟುವಾಗ ನನಗೆ ಬೂಟು ಹಾಕಿದ್ದರೂ ಕಾಲು ಹಗುರ ಇಡುವ ಹಾಗಾಗುತ್ತದೆ.

ಲಸಿಕೆಯ ಡಬ್ಬಿಯಲ್ಲಿ ಐಸು ಕರಗಿರಲಿಲ್ಲ, ಮುಟ್ಟಿ ನೋಡಿದ್ದೆ. ಕೆಟ್ಟ ಲಸಿಕೆಯಾದರೂ ಕಾಯುವುದಿಲ್ಲವೇ ಹೊರತು ಹೀಗೆ ಕೊಲ್ಲುವುದಿಲ್ಲ, ಅದೂ ಗೊತ್ತು. ಆದರೂ ಮತ್ತೆ ಮತ್ತೆ ಅದನ್ನೇ ನೆನೆಯುತ್ತಿದ್ದೇನೆ. ಮಾಂಸದ ತುಂಡು ಪರೀಕ್ಷೆಗೆ ಕಳಿಸಿದ್ದೇನೆ.

ನೀನು ಹೆದರಬೇಡ.

ನಿನ್ನ
ತನೂ


ಮೂಡಿಗೆರೆ
೧೮ ಜೂನ್ ೨೦೨೪

ತನೂ,

ಹೆದರಬೇಡ ಅಂತ ಬರೆದವರ ಕಾಗದ ಓದಿಯೇ ಜನ ಹೆದರುವುದು.

ನಿನ್ನ ಕಾಗದ ಬರುವ ಮೊದಲೇ ಸುದ್ದಿ ಅಂಗಡಿಗೆ ಬಂದಿತ್ತು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಮೊಳೆ ತೂಗುತ್ತಿದ್ದೆ. ಕಳಸದ ಕಡೆಯ ಯಾರೋ ಇಬ್ಬರು ನನಗೆ ಬೆನ್ನು ಹಾಕಿ ಬೇಲಿತಂತಿ ಕೊಳ್ಳುತ್ತ ಮಾತಾಡುತ್ತಿದ್ದರು. ನನಗೆಲ್ಲಿ ಕೇಳಬೇಕು? ಆದರೆ ನಿನ್ನ ಅಣ್ಣ ವಿಶ್ವನ ಮುಖ ನೋಡಿದೆ. ಆ ಬಣ್ಣ ಅವನ ಮುಖಕ್ಕೆ ಬಂದದ್ದನ್ನು ನಾನು ಬಹಳ ವರ್ಷದಿಂದ ಕಂಡಿರಲಿಲ್ಲ. ಅವರು ಹೋದಮೇಲೆ ಏನು ಅಂದರು ಅಂತ ಕೇಳಿದೆ. ಏನೂ ಇಲ್ಲ ಅಂದ. ಮತ್ತೆ ಕೇಳಿದೆ. ಕಡೆಗೆ ಹತ್ತಿರ ಬಂದು ಕಿವಿಯಲ್ಲಿ ಕೂಗಿದ: ಸಂಪಿಗೆಕೊಪ್ಪಕ್ಕೆ ಬಂದ ಹೊಸ ಡಾಕ್ಟರಮ್ಮ ಸೂಜಿ ಹಾಕಿ ದನ ಕೊಲ್ಲುತ್ತಾಳಂತೆ. ತಾವು ಯಾರ ಅಂಗಡಿಯಲ್ಲಿ ನಿಂತಿದ್ದೇವೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ವಿಶ್ವ ತಂತಿ ಕಟ್ಟಿಕೊಟ್ಟು ಕಳಿಸಿದ. ನಾನಾಗಿದ್ದರೆ ಕೊಡುತ್ತಿರಲಿಲ್ಲ.

ಮಾತು ಮೂಡಿಗೆರೆಯವರೆಗೆ ಬಂದಿದೆ ಅಂದರೆ ಆ ಊರಿನಲ್ಲಿ ಎಷ್ಟಿರಬೇಕು. ರಜೆ ಹಾಕಿ ಬಾ. ವರ್ಗಾವಣೆಗೆ ಯಾರನ್ನು ಕಾಣಬೇಕೋ ವಿಶ್ವ ಕಾಣುತ್ತಾನೆ. ದನ ನೋಡುವ ಡಾಕ್ಟರು ಎಲ್ಲ ಊರಿಗೂ ಬೇಕು, ಆ ಊರೇ ಆಗಬೇಕೆಂದಿಲ್ಲ.

ಸತ್ತ ದನ ಹೂಳಲು ಸುಣ್ಣ ಬೇಕಾಗುತ್ತದೆ ಅಂತ ನಿನ್ನ ಅಣ್ಣನೇ ಹೇಳಿದ. ಕೆಲವು ಚೀಲ ನಾಳಿನ ಜೀಪಿನಲ್ಲಿ ಬರುತ್ತದೆ. ಬಾ ಅಂದದ್ದನ್ನು ಮರೆಯಬೇಡ. ಬರುವ ತನಕ ಬೇಕಲ್ಲ ಅಂತ ಕಳಿಸಿದ್ದು.

ನಿನ್ನ ಅಪ್ಪನ ವಿಷಯ ಕಾಗದದಲ್ಲಿ ಇನ್ನು ಬರೆಯಬೇಡ.

ಕಲ್ಲಮ್ಮ


ಸಂಪಿಗೆಕೊಪ್ಪ
೨೫ ಜೂನ್ ೨೦೨೪

ಅವ್ವ,

ಸುಣ್ಣ ಬಂತು. ಹೂತ ಜಾಗಗಳಿಗೆ ಸುರಿದು ಆ ದಿನವೇ ಖರ್ಚಾಯಿತು. ಸತ್ತವನ್ನು ಸುಲಿಯದೆ, ಕೊಯ್ಯದೆ, ಆಳು ಮುಳುಗುವಷ್ಟು ಗುಂಡಿ ತೋಡಿ ಹೂಳಬೇಕು. ಕೊಯ್ದರೆ ರಕ್ತದ ಜೊತೆ ಕ್ರಿಮಿ ಮತ್ತೆ ಮಣ್ಣಿಗೇ ಸೇರುತ್ತದೆ. ಕರು ಸತ್ತ ದಿನ ಗಿಡ್ಡಪ್ಪನವರೇ ಗುಂಡಿ ತೋಡಿದ್ದರು. ಮಣ್ಣು ಮುಚ್ಚುವಾಗ ಅವರ ಹೆಂಡತಿ ಅಂಜನಮ್ಮ ದೂರದಲ್ಲಿ ಬೆನ್ನು ಹಾಕಿ ನಿಂತಿದ್ದರು. ಆಮೇಲೆ ಇನ್ನೊಂದು ಮನೆಯ ಕಡಸು ಸತ್ತಿತು. ಅದಕ್ಕೂ ಓಲೆ ಇತ್ತು.

ಮೊನ್ನೆ ಹೋದಾಗ ಊರಿನ ದಾರಿಗೆ ಅಡ್ಡ ಕೋಲು ಹಾಕಿದ ಉಣುಗೋಲಿನ ಹತ್ತಿರ ತಿಮ್ಮಪ್ಪನವರು ನಿಂತಿದ್ದರು. ಹಿಂದೆ ನಾಲ್ಕೈದು ಜನ. ಬಯಲಿನಲ್ಲಿ ದನ ಬಿಡಬೇಡಿ, ಜ್ವರ ಬಂದ ತಕ್ಷಣ ಹೇಳಿ, ಮೊದಲೇ ಔಷಧಿ ಕೊಟ್ಟರೆ ಉಳಿಯುತ್ತದೆ ಎಂದು ಹೇಳಲು ಹೋಗಿದ್ದೆ. ಅಡ್ಡಗೋಲು ತೆಗೆಯಲಿಲ್ಲ.

"ಇನ್ನು ಒಳಗೆ ಬರೋದು ಬೇಡ ಮೇಡಂ," ಅಂದರು. "ಸೂಜಿ ಹಾಕ್ದೇ ಇರೋ ನಮ್ಮ ದನ ಆರಾಮುಂಟು. ಅದರ ಮೇಲೆ ನಾನೆಂತ ಹೇಳೋದು?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಸಿಟ್ಟಿನವರ ಜೊತೆ ವಾದ ಮಾಡಬಹುದು.

ವಾಪಸು ಬಂದು ನೋಡಿದರೆ ಸ್ಕೂಟರಿನ ಎರಡೂ ಗಾಲಿಯ ಗಾಳಿ ತೆಗೆದಿದ್ದರು. ಭವ್ಯಾ ಅವತ್ತು ರಜೆ. ಎಸ್ಟೇಟಿನ ಒಳದಾರಿಯಲ್ಲಿ ತಳ್ಳಿಕೊಂಡು ಹೊರಟೆ. ಮಂಜು ಕವಿದು ಮುಂದಿನ ಸಿಲ್ವರ್ ಮರ ಕಾಣುತ್ತಿರಲಿಲ್ಲ. ಸ್ವಲ್ಪ ದೂರ ಬಂದಮೇಲೆ ಹಿಂದೆ ಹೆಜ್ಜೆ ಕೇಳಿಸಿತು. ನಿಂತರೆ ಅದೂ ನಿಲ್ಲುತ್ತದೆ. ನಡೆದರೆ ನಡೆಯುತ್ತದೆ, ಒಂದು ಹೆಜ್ಜೆ ಎಳೆದ ಹಾಗೆ. ಕಾಡಿಂದ ಇಳಿದ ಕಾಟಿ ಇರಬಹುದು, ಮನುಷ್ಯರಿರಬಹುದು. ಕಾಟಿಯೇ ಆಗಿರಲಿ ಅಂದುಕೊಂಡೆ ಅವ್ವ, ಸುಳ್ಳು ಹೇಳುವುದಿಲ್ಲ.

ಆಸ್ಪತ್ರೆಯ ಗೇಟಿನ ದೀಪದ ಹತ್ತಿರ ತಿರುಗಿ ನಿಂತೆ. ಮಂಜಿನಿಂದ ಅಂಜನಮ್ಮ ಬಂದರು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ, ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ ಅವರ ಉಳಿದ ಕಡಸು, ಮುಂಗಾಲು ಸ್ವಲ್ಪ ಎಳೆಯುತ್ತಿತ್ತು. ದಾರಿಯಲ್ಲಿ ಯಾರಾದರೂ ನೋಡಿದರೆ ಎಂದು ನನ್ನನ್ನು ಕೂಗಲಿಲ್ಲವಂತೆ. "ನಮ್ಮೋರಿಗೂ ಗೊತ್ತಿಲ್ಲ," ಅಂದರು.

ಮೈ ಸುಡುತ್ತಿತ್ತು. ಭುಜದ ಮೇಲೆ ಕೈಯಿಟ್ಟು ಒತ್ತಿದೆ. ಶಬ್ದ ಇರಲಿಲ್ಲ. ಪೆನ್ಸಿಲಿನ್ ಕೊಟ್ಟೆ, ಅಲ್ಲೇ ಕೊಟ್ಟಿಗೆಯಲ್ಲಿ ಕಟ್ಟಿಸಿದೆ. ಈಗ ಮೇಯುತ್ತಿದೆ. ಬದುಕಿತು ಅನಿಸುತ್ತದೆ.

ಹೀಗಿರುವಾಗ ರಜೆ ಹಾಕಿ ಹೇಗೆ ಬರಲಿ? ನಾನು ಬಂದರೆ ಅವರ ಮಾತೇ ನಿಜ ಎಂದಾಗುತ್ತದೆ. ಮುಂದಿನ ವರ್ಷ ಯಾರೂ ಲಸಿಕೆಗೆ ದನ ಹಿಡಿದು ನಿಲ್ಲುವುದಿಲ್ಲ. ಇದೊಂದೇ ಊರಲ್ಲ.

ತನೂ


ಮೂಡಿಗೆರೆ
೨೯ ಜೂನ್ ೨೦೨೪

ತನೂ,

ಬರೆಯಬೇಡ ಅಂತ ನಿನಗೆ ಹೇಳಿ ನಾನೇ ಬರೆಯುತ್ತಿದ್ದೇನೆ.

ನೀನು ಆಗ ಎರಡನೇ ಕ್ಲಾಸು. ಗೋದಾಮಿನಲ್ಲಿ ನಿನ್ನ ಅಪ್ಪನ ಕಾಲಿಗೆ ಮೊಳೆ ಚುಚ್ಚಿತು. ನಮ್ಮದೇ ಅಂಗಡಿ ಮೊಳೆ. ನಕ್ಕರು. ಅರಿಶಿನ ಹಚ್ಚಿದೆ. ವಾರ ಕಳೆದು ಒಂದು ಬೆಳಗ್ಗೆ ರೊಟ್ಟಿ ತಿನ್ನಲು ಕೂತವರು ದವಡೆ ನೋವು ಅಂದರು. ಹಲ್ಲು ನೋವಿರಬೇಕೆಂದು ಲವಂಗ ಕೊಟ್ಟೆ. ಮರುದಿನ ನೀರು ಕೇಳಿದರು, ಬಾಯಿ ತೆರೆಯಲು ಆಗಲಿಲ್ಲ. ನಾನು ಚಮಚ ಹಾಕಿ ಮೀಟಿದೆ. ಹಲ್ಲಿನ ಸಂದಿಯಲ್ಲಿ ಒಂದೆರಡು ಹನಿ ಹೋಯಿತು. ಬಾಗಿಲು ಹಾಕಿದ ಸದ್ದಿಗೆ ಅವರ ಮೈಯೆಲ್ಲ ಬಿಲ್ಲಿನ ಹಾಗೆ ಬಾಗುತ್ತಿತ್ತು. ಆಸ್ಪತ್ರೆಯಲ್ಲಿ ಧನುರ್ವಾಯು ಅಂದರು. ಕಣ್ಣಿಗೆ ಎಲ್ಲ ಗೊತ್ತಿತ್ತು, ಕೊನೆಯವರೆಗೆ. ಮನೆಯಲ್ಲಿ ಯಾರೂ ಸದ್ದು ಮಾಡಬೇಡಿ ಅಂತ ನಾನು ಎಲ್ಲರಿಗೂ ಕೈಮುಗಿಯುತ್ತಿದ್ದೆ. ನನ್ನ ಕಿವಿ ಮಂದವಾಗುತ್ತ ಬಂದಾಗ ಒಂದು ರೀತಿ ಒಳ್ಳೆಯದೇ ಆಯಿತು ಅಂದುಕೊಂಡೆ.

ನೀನು ಓದಿದವಳು, ಕ್ರಿಮಿಗಳ ಕುಲ ಗೋತ್ರ ಎಲ್ಲ ನಿನಗೆ ತಿಳಿದಿದೆ. ನನಗೆ ತಿಳಿದದ್ದು ಇಷ್ಟು. ಅದು ಮಣ್ಣಿನಲ್ಲಿದೆ, ನೀನು ದಿನಾ ಅದರ ಮೇಲೆ ಓಡಾಡುತ್ತೀಯ. ಆ ಜನರ ಬಗ್ಗೆ ನನಗೆ ಅಷ್ಟು ಭಯವಿಲ್ಲ.

ಭಾನುವಾರ ವಿಶ್ವ ಜೀಪು ತರುತ್ತಾನೆ. ಹೊರಟು ನಿಲ್ಲು.

ಅವ್ವ


ಸಂಪಿಗೆಕೊಪ್ಪ
೫ ಜುಲೈ ೨೦೨೪

ಅವ್ವ,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ನಾನು ಹೇಳುತ್ತಿದ್ದೇನೆ, ಭವ್ಯಾ ಬರೆಯುತ್ತಿದ್ದಾಳೆ. ಬಲಗೈಗೆ ಸ್ವಲ್ಪ ಗಾಯವಾಗಿ ಕಟ್ಟು ಹಾಕಿದೆ.

ಭಾನುವಾರ ಅಣ್ಣ ಬಂದವನು ಒಬ್ಬನೇ ಹಿಂತಿರುಗಿದ್ದಕ್ಕೆ ಅವನನ್ನು ಬೈಯಬೇಡ. ಅವನು ತುಂಬ ಹೇಳಿದ. ಹಿಂದಿನ ದಿನವೇ ಪರೀಕ್ಷೆಯ ವರದಿ ಬಂದಿತ್ತು, ಚಪ್ಪೆರೋಗವೇ. ಲಸಿಕೆಯಿಂದ ಆದದ್ದಲ್ಲ. ವರದಿ ತೋರಿಸಲು ಹೋದರೆ ಉಣುಗೋಲಿನ ಹತ್ತಿರವೇ ಕಳಿಸಿಬಿಟ್ಟರು. ಕಾಗದದಲ್ಲಿ ಏನು ಬೇಕಾದರೂ ಬರೆಯಬಹುದು ಅಂದರು ತಿಮ್ಮಪ್ಪನವರು.

ಮೊನ್ನೆ ಊರಿನ ಕೆಳಗಿನ ಹಳ್ಳದಿಂದ ವಾಸನೆ ಬರುತ್ತಿದೆ ಎಂದು ಗಿಡ್ಡಪ್ಪನವರೇ ಹೇಳಿಕಳಿಸಿದರು. ಕಡಸು ವಾಪಸು ಬಂದಮೇಲೆ ಅವರು ಸ್ವಲ್ಪ ಮೆತ್ತಗಾಗಿದ್ದಾರೆ. ನಾನು, ಭವ್ಯಾ, ಅವರು ಇಳಿದು ನೋಡಿದೆವು. ಕಲ್ಲಿನ ಸಂದಿಯಲ್ಲಿ ಒಂದು ಕಡಸು ಸಿಕ್ಕಿಕೊಂಡಿತ್ತು, ಚಪ್ಪೆ ಊದಿ ನಾಲ್ಕೂ ಕಾಲು ಸೆಟೆದು. ಕಿವಿಗೆ ಓಲೆ ಇರಲಿಲ್ಲ. ಹಣೆಯ ಮೇಲೆ ಬಿಳಿ ಚುಕ್ಕೆ. ತಿಮ್ಮಪ್ಪನವರ ಮನೆಯದು. ಗಿಡ್ಡಪ್ಪನವರು ಆ ಚುಕ್ಕೆಯನ್ನು ಬಗ್ಗಿ ನೋಡಿ, ತಂದಿದ್ದ ಹಗ್ಗ ಬಿಚ್ಚತೊಡಗಿದರು.

ಸೂಜಿ ಹಾಕದ ದನವೂ ಸತ್ತಿತು ಎಂದು ಊರಿಗೆ ತಿಳಿಯಬಾರದೆಂದು ಮೇಲಿನಿಂದ ತಳ್ಳಿಬಿಟ್ಟಿದ್ದಾರೆ. ಅದೇ ಹಳ್ಳದ ನೀರು ಕೆಳಗಿನ ಎರಡು ಊರಿನ ದನಕ್ಕೆ. ಅಲ್ಲಿ ಬಿಡುವ ಹಾಗಿರಲಿಲ್ಲ. ಹಗ್ಗ ಕಟ್ಟಿ ಮೂವರೂ ಎಳೆದೆವು. ನಾನು ನೀರಿನಲ್ಲಿ ನಿಂತು ಕೆಳಗಿನಿಂದ ಎತ್ತಿ ಕೊಡುತ್ತಿದ್ದೆ. ಹಳೆಯ ಮುಳ್ಳುತಂತಿ ಕೆಸರಿನಲ್ಲಿ ಹೂತಿತ್ತು, ಕಾಲು ಜಾರಿದಾಗ ಅದರ ಮೇಲೆ ಕೈಯೂರಿದೆ. ಗ್ಲೌಸು ಹರಿದು ಅಂಗೈ ಅಂಚು ಸೀಳಿತು. ಮೇಲೆ ಬಂದ ತಕ್ಷಣ ತೊಳೆದೆ. ಕಳಸಕ್ಕೆ ಹೋಗಿ ಟಿ.ಟಿ. ಹಾಕಿಸಿಕೊಂಡೆ, ಹೊಲಿಗೆ ಹಾಕಿಸಿಕೊಂಡೆ. ನೀನು ನೆನೆಯುತ್ತಿರುವುದು ಆಗುವುದಿಲ್ಲ. ಅದಕ್ಕೆ ನನ್ನ ಮೈಯಲ್ಲಿ ರಕ್ಷಣೆ ಇದೆ.

ಕಡಸನ್ನು ಅಣ್ಣ ಭಾನುವಾರ ತಂದಿದ್ದ ಸುಣ್ಣ ಹಾಕಿ ಹೂತೆವು. ಅದು ಯಾರದ್ದು ಎಂದು ನಾನು ಯಾರಿಗೂ ಹೇಳಿಲ್ಲ. ನಾನು ಹೇಳಿದರೆ ನಂಬುವವರೂ ಇಲ್ಲ.

ನೋವು ಸ್ವಲ್ಪ ಜಾಸ್ತಿ ಇದೆ. ಎರಡು ದಿನದಲ್ಲಿ ನಾನೇ ಬರೆಯುತ್ತೇನೆ.

ತನೂ

ಅಮ್ಮಾ, ನಾನು ಭವ್ಯಾ. ಇದನ್ನು ಮೇಡಂಗೆ ತೋರಿಸದೆ ಸೇರಿಸುತ್ತಿದ್ದೇನೆ. ಗಾಯ ಸ್ವಲ್ಪ ಅಲ್ಲ. ಬೆಳಗ್ಗೆಯಿಂದ ಕೈ ಊದಿ ಮಣಿಕಟ್ಟು ಕಾಣುತ್ತಿಲ್ಲ, ಚರ್ಮ ತಾಮ್ರದ ಬಣ್ಣಕ್ಕೆ ಬಂದಿದೆ. ಕಾಗದ ಹೇಳುತ್ತಿದ್ದವರು ನಡುವೆ ನಿಲ್ಲಿಸಿ ಎಡಗೈ ಬೆರಳಿನಿಂದ ಆ ಊತವನ್ನು ಒತ್ತಿ ನೋಡಿದರು. ದನದ ಚಪ್ಪೆಯನ್ನು ಒತ್ತುತ್ತಾರಲ್ಲ, ಹಾಗೆಯೇ. ಇನ್ನೊಂದು ಸಲ ಒತ್ತಿದರು. ಪಕ್ಕದಲ್ಲಿ ಕೂತ ನನಗೂ ಕೇಳಿಸಿತು. ಮುಖ ಬಿಳಿಚಿಕೊಂಡಿತು, ಆದರೆ ಮುಂದೆ ಬರಿ ಅಂದು ಕಾಗದ ಹೇಳತೊಡಗಿದರು. ನಿಮ್ಮ ಮಗನಿಗೆ ಫೋನು ಮಾಡಲು ಟವರ್ ಸಿಗುವ ತಿರುವಿನವರೆಗೆ ಓಡಿದೆ, ಸಿಗಲಿಲ್ಲ. ಎಸ್ಟೇಟಿನ ಜೀಪು ಕೇಳಿದ್ದೇನೆ, ಅದರಲ್ಲೇ ಕಳಸಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿಂದ ಮಂಗಳೂರಿಗೆ ಕಳಿಸಬಹುದು. ಇದನ್ನು ನಿಮ್ಮ ಕೈಗೇ ಕೊಡಲು ಬಾಲರಾಜಣ್ಣನಿಗೆ ಹೇಳಿದ್ದೇನೆ. ಬೇಗ ಬನ್ನಿ.


ಸಂಪಿಗೆಕೊಪ್ಪ
೮ ಸೆಪ್ಟೆಂಬರ್ ೨೦೨೪

ಅವ್ವ,

ಎಡಗೈಯಲ್ಲಿ ಬರೆದದ್ದು, ಓದಲು ಕಷ್ಟವಾದರೆ ಅಣ್ಣನಿಗೆ ಕೊಡು.

ನಿನ್ನ ಮಾತು ಮೀರಿ ಹೊರಟು ಬಂದೆ. ಬಸ್ಸು ಹತ್ತುವಾಗ ನೀನು ಅಂಗಡಿಯಿಂದ ಹೊರಗೆ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿತ್ತು, ಆದರೂ ಬಸ್ಸು ಬಿಡುವ ತನಕ ನೋಡಿದೆ.

ಮಂಗಳೂರಿನ ದಿನಗಳು ನನಗೆ ತುಂಡುತುಂಡಾಗಿ ನೆನಪಿವೆ. ದೊಡ್ಡ ಡಾಕ್ಟರು ಹೇಳಿದ್ದು ನೆನಪಿದೆ: ಇದು ದನದ ರೋಗವೇ ಅಲ್ಲ, ಅದೇ ಮಣ್ಣಿನ ಅದೇ ಕುಲದ ಇನ್ನೊಂದು, ಇನ್ನು ತಡ ಮಾಡಿದ್ದರೆ ತೋಳಿನವರೆಗೆ ತೆಗೆಯಬೇಕಾಗುತ್ತಿತ್ತು. ಕಿರುಬೆರಳು, ಉಂಗುರದ ಬೆರಳು, ಅಂಗೈಯ ಅಂಚು. ಅಷ್ಟಕ್ಕೇ ಮುಗಿಯಿತು ಎನ್ನುತ್ತಾರೆ ಎಲ್ಲರೂ. ನಾನೂ ಹಾಗೆಯೇ ಹೇಳಿಕೊಳ್ಳುತ್ತೇನೆ. ಆದರೆ ಈಗಲೂ ನಿದ್ದೆಯಿಂದ ಎದ್ದ ಕೂಡಲೇ ಎಡಗೈಯಿಂದ ತೋಳನ್ನು ಒತ್ತಿ ನೋಡುತ್ತೇನೆ.

ನಾನಿಲ್ಲದಾಗ ಕಳಸದಿಂದ ಬೇರೆ ಡಾಕ್ಟರು ಬಂದು ಹೋದರಂತೆ. ಅವರನ್ನೂ ಒಳಗೆ ಬಿಡಲಿಲ್ಲ. ಗಿಡ್ಡಪ್ಪನವರು ಒಮ್ಮೆ ಹಳ್ಳದ ಕಡಸಿನ ಮಾತೆತ್ತಿದ್ದಕ್ಕೆ ತಿಮ್ಮಪ್ಪನವರು ಅದು ತಮ್ಮದಲ್ಲ, ತಮ್ಮದನ್ನು ಮಾರಿಯಾಗಿದೆ ಅಂದರಂತೆ. ಈಗ ಊರಿನ ಮಾತೇ ಬೇರೆ. ದನದ ಪಾಪ ಡಾಕ್ಟರಮ್ಮನ ಬೆರಳು ತಿಂದಿತು ಅನ್ನುತ್ತಾರೆ. ಆಸ್ಪತ್ರೆಯ ಮುಂದಿನಿಂದ ಹೋಗುವ ಹೆಂಗಸರು ನನ್ನ ಕೈ ನೋಡಿ ಸೆರಗು ಸರಿಮಾಡಿಕೊಂಡು ಹೋಗುತ್ತಾರೆ. ಬಂದಾಗಿನಿಂದ ಒಂದು ಕೋಳಿಯನ್ನೂ ಯಾರೂ ತೋರಿಸಲು ತಂದಿಲ್ಲ.

ಮಳೆ ಕಡಿಮೆಯಾದ ಮೇಲೆ ಕರುಗಳಿಗೆ ಇನ್ನೊಂದು ಸುತ್ತು ಹಾಕಬೇಕು. ಅದಕ್ಕೆ ಬಿಡದಿದ್ದರೆ ಬರುವ ವರ್ಷ ಆ ಬಯಲಿನಲ್ಲಿ ಏನಾಗುತ್ತದೆ ಎಂದು ನೆನೆದರೆ ನನಗೆ ಎಲ್ಲಿ ಕೂತರೂ ಕೂರಲಾಗುವುದಿಲ್ಲ. ಅದಕ್ಕೇ ಬಂದದ್ದು. ಧೈರ್ಯ ಇದೆ ಅಂತ ಅಲ್ಲ.

ಉತ್ತರ ಬರೆ. ಬೈದಾದರೂ ಬರೆ.

ತನೂ


ಮೂಡಿಗೆರೆ
೨೪ ಸೆಪ್ಟೆಂಬರ್ ೨೦೨೪

ತನೂ,

ಬರೆಯಬಾರದು ಅಂತಲೇ ಇದ್ದೆ. ನಿನ್ನೆ ಆದದ್ದನ್ನು ಬರೆಯದೆ ಇರಲು ಆಗುವುದಿಲ್ಲ.

ನಿನ್ನೆ ಸೋಮವಾರ, ಅಂಗಡಿ ತುಂಬಿತ್ತು. ಕೊಯ್ಲಿಗೆ ಮುಂಚೆ ಎಲ್ಲರಿಗೂ ಹಗ್ಗ, ಟಾರ್ಪಾಲು, ಕತ್ತಿ ಬೇಕು. ಕಳಸದ ಕಡೆಯವರೂ ಇದ್ದರು. ವಿಶ್ವ ಆ ಪೈಕಿ ಇಬ್ಬರನ್ನು ತೋರಿಸಿ ಜೂನಿನಲ್ಲಿ ಮಾತಾಡಿದವರು ಇವರೇ ಅಂತ ಸನ್ನೆ ಮಾಡಿದ. ಅವರ ಹಿಂದೆ ವಯಸ್ಸಾದವರೊಬ್ಬರು, ಬಿಳಿ ಅಂಗಿ, ತಲೆಗೆ ವಸ್ತ್ರ ಸುತ್ತಿದ್ದರು. ಏನನ್ನೂ ಕೊಳ್ಳಲಿಲ್ಲ. ಬೇರೆಯವರಿಗೆ ದಾರಿ ಬಿಡುತ್ತ ಬಿಡುತ್ತ ಕಡೆಗೆ ನನ್ನ ಮುಂದೆ ಬಂದು ನಿಂತರು. ಕೈಮುಗಿದರು. ಮೆಲ್ಲಗೆ ಏನೋ ಹೇಳಿದರು.

ಕೇಳಿಸುವುದಿಲ್ಲ ಅಂತ ಕಿವಿ ತೋರಿಸಿದೆ.

ಸ್ವಲ್ಪ ಬಗ್ಗಿ ಮತ್ತೆ ಹೇಳಿದರು. ಪಕ್ಕದಲ್ಲಿ ನಿಂತವರು ತಿರುಗಿ ನೋಡಿದರು.

"ಕೇಳ್ಸಲ್ಲ ಮಾರಾಯ್ರೆ. ಜೋರಾಗಿ ಹೇಳಿ," ಅಂದೆ.

ಅವರ ಕಂಠದ ನರ ಉಬ್ಬಿತು. "ನಾನು ಹಾಲುಮಕ್ಕಿ ತಿಮ್ಮಪ್ಪ. ಹಳ್ಳದಲ್ಲಿ ಸಿಕ್ಕಿದ್ದು ನಮ್ಮ ಕಡಸು. ಅದಕ್ಕೆ ಸೂಜಿ ಹಾಕ್ಸಿರ್ಲಿಲ್ಲ. ಸತ್ತಿದ್ದು ಯಾರಿಗೂ ಗೊತ್ತಾಗ್ಬಾರ್ದು ಅಂತ ತಳ್ಳಿದವ ನಾನು. ನಿಮ್ಮ ಮಗಳ ಬೆರಳು ಹೋಗಿದ್ದು ನನ್ನಿಂದ."

ಅಂಗಡಿಯಲ್ಲಿ ಎಲ್ಲರ ಕೈಯೂ ನಿಂತಿತು. ವಿಶ್ವ ಹಗ್ಗ ಅಳೆಯುತ್ತಿದ್ದವನು ಹಾಗೆಯೇ ನಿಂತುಬಿಟ್ಟ. ತಂತಿಯವರಿಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕುರ್ಚಿ ಹಾಕಿಸಿದೆ. ಕೂರಲಿಲ್ಲ. ಆಮೇಲೆ ಅವರು ತಲೆ ತಗ್ಗಿಸಿ ಹೇಳಿದ್ದನ್ನು ವಿಶ್ವ ಕೇಳಿ ಹೇಳಿದ. ಹೋದ ವಾರ ಅವರ ಇನ್ನೊಂದು ಹೋರಿಯೂ ಸತ್ತಿತಂತೆ. ಅದನ್ನೂ ಕತ್ತಲಾದ ಮೇಲೆ ಸಾಗಿಸಲು ಹೊರಟಾಗ ಅವರ ಸೊಸೆ ಹಗ್ಗ ಹಿಡಿದು ಬಿಡಲಿಲ್ಲವಂತೆ. ಇನ್ನು ಯಾರ ಕೈ ಹೋಗಬೇಕು ಅಂದಳಂತೆ. ನಿನ್ನ ಮುಂದೆ ಬಂದು ನಿಲ್ಲಲು ಮುಖವಿಲ್ಲ, ಅದಕ್ಕೆ ಇಲ್ಲಿಯವರೆಗೆ ಬಂದದ್ದು ಅಂದರಂತೆ.

ನಾನು ಕ್ಷಮಿಸಿದೆ ಅಂತ ಹೇಳಲಿಲ್ಲ. ನನಗೆ ಬರಲಿಲ್ಲ. ಕ್ಷಮಿಸುವುದಾದರೆ ಅದು ನಿನ್ನದು. ಇಲ್ಲಿ ಹೇಳಿದ್ದನ್ನು ನಿಮ್ಮ ಊರಿನ ಉಣುಗೋಲಿನ ಹತ್ತಿರ ನಿಂತು ಹೇಳಿ ಅಂದೆ. ತಲೆಯಾಡಿಸಿದರು. ಒಂದು ಲೋಟ ಕಾಫಿ ಕುಡಿಸಿ ಕಳಿಸಿದೆ.

ಇನ್ನೊಂದು ಮಾತು, ವಿಶ್ವನಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಇಷ್ಟು ವರ್ಷ ಕಿವಿ ಇಲ್ಲದೆ ಬದುಕಿದವಳಿಗೆ ತುಟಿ ಓದಲು ಬರುತ್ತದೆ. ಅವರು ಮೊದಲ ಸಲ ಹೇಳಿದಾಗಲೇ ನನಗೆ ತಿಳಿದಿತ್ತು.

ಊಟ ಸರಿಯಾಗಿ ಮಾಡು.

ಅವ್ವ


ಸಂಪಿಗೆಕೊಪ್ಪ
೯ ಅಕ್ಟೋಬರ್ ೨೦೨೪

ಅವ್ವ,

ಇವತ್ತು ಹಾಲುಮಕ್ಕಿಗೆ ಹೋಗಿದ್ದೆವು.

ಉಣುಗೋಲು ಮೊದಲೇ ತೆಗೆದಿಟ್ಟಿದ್ದರು. ನೀನು ಹೇಳಿದ ಹಾಗೆ ತಿಮ್ಮಪ್ಪನವರು ಹೋದ ವಾರ ಅಲ್ಲೇ ನಿಂತು ಎಲ್ಲರಿಗೂ ಹೇಳಿದರಂತೆ. ದನ ಕಟ್ಟುವ ಜಾಗದಲ್ಲಿ ಎಲ್ಲ ಮನೆಯವರೂ ಇದ್ದರು. ನಾನು ಎಡಗೈಯಲ್ಲಿ ಔಷಧಿ ಎಳೆದು ಕೊಟ್ಟೆ, ಭವ್ಯಾ ಚುಚ್ಚಿದಳು. ತಿಮ್ಮಪ್ಪನವರು ಉಳಿದ ತಮ್ಮ ದನಗಳನ್ನು ಎಲ್ಲರಿಗಿಂತ ಕೊನೆಗೆ ತಂದರು, ತಾವೇ ಮೂಗುದಾರ ಹಿಡಿದು ನಿಂತರು. ನನ್ನ ಕಡೆ ನೋಡಲಿಲ್ಲ. ಕ್ಷಮಿಸಿದೆ ಅನ್ನಬೇಕೋ ಬೇಡವೋ ಇನ್ನೂ ನನಗೆ ಗೊತ್ತಿಲ್ಲ. ಓಲೆ ಚುಚ್ಚುವಾಗ ಕಡಸೊಂದು ಕೊಸರಿತು. ನಾನು ಹಿಂದೆ ಸರಿದಾಗ ಅವರು ಅಡ್ಡ ಬಂದು ಭುಜಕ್ಕೆ ಒದೆ ತಿಂದರು. ಅಷ್ಟೇ ನಮ್ಮಿಬ್ಬರ ನಡುವೆ ಆದದ್ದು.

ಹೂತ ಜಾಗಕ್ಕೆಲ್ಲ ಬೇಲಿ ಹಾಕಿದ್ದಾರೆ. ಕೆರೆಯ ಬಯಲಿಗೆ ದನ ಬಿಡುವುದು ನಿಲ್ಲಿಸಿದ್ದಾರೆ. ಹುಲ್ಲು ಎದೆಯೆತ್ತರ ಬೆಳೆದು ಹಸಿರಾಗಿ ನಿಂತಿದೆ, ನೋಡಲು ತುಂಬ ಚೆಂದ. ಅದರ ಅಂಚಿನಲ್ಲಿ ನಡೆಯುವಾಗ ಅಂಜನಮ್ಮ ನನ್ನ ಎಡಗೈ ಹಿಡಿದುಕೊಂಡರು. ಅವರಿಗೂ ಭಯ, ನನಗೂ ಭಯ. ಪ್ರತಿ ವರ್ಷ ಮಳೆಗೆ ಮುಂಚೆ ಇಲ್ಲಿಗೆ ಬರಬೇಕು, ನಾನಲ್ಲದಿದ್ದರೆ ಇನ್ನೊಬ್ಬರು. ಅದು ಮುಗಿಯುವ ಕೆಲಸವಲ್ಲ.

ಭಾನುವಾರ ಊರಿಗೆ ಬರುತ್ತೇನೆ, ಎರಡು ದಿನ ಇರುತ್ತೇನೆ. ನಿನ್ನ ಹತ್ತಿರ ಒಂದು ಕೇಳಬೇಕು. ಮಂಗಳೂರಿನಲ್ಲಿ ನೀನು ನನಗೆ ಊಟ ಮಾಡಿಸಿದೆ, ತಲೆ ಬಾಚಿದೆ, ಕಟ್ಟು ಬಿಚ್ಚುವ ಹೊತ್ತಿಗೆ ಪ್ರತಿ ಸಲ ನೀರು ತರಲು ಹೊರಗೆ ಹೋದೆ. ಮನೆಯಲ್ಲೂ ಅಷ್ಟು ದಿನ ನನ್ನ ಮುಖವನ್ನೇ ನೋಡಿ ಮಾತಾಡಿದೆ. ಯಾಕೆಂದು ನನಗೆ ಗೊತ್ತು. ಆದರೆ ಈಗ ಗಾಯ ಮಾಗಿದೆ ಅವ್ವ. ಚರ್ಮ ಎಳೆಯದು, ಮುಟ್ಟಿದರೆ ನೋಯುವುದಿಲ್ಲ.

ಈ ಸಲ ನೋಡು. ಈ ಕಾಗದವನ್ನು ಆ ಬಲಗೈಯಲ್ಲೇ ಬರೆದಿದ್ದೇನೆ.

ತನೂ